ದೊಮ್ಮಲೂರಿನ ಕಲ್ಲು, ಮಲ್ಪೆಯ ನೀರು

— ಅಂಕಲ್, ಸ್ವಲ್ಪ ಪುರುಸೊತ್ತು ಉಂಟಾ? ಬಾಡಿಗೆ ವಿಷಯ ಅಲ್ಲ.

— ಬಾಮ್ಮ. ಬಾಡಿಗೆ ಅಲ್ಲ ಅಂದ್ರೆ ನೀರಿನ ವಿಷಯವೇ ಇರಬೇಕು. ಮೋಟರ್ ಮತ್ತೆ ಕೈಕೊಡ್ತಾ?

— ನೀರಿನದ್ದೇ, ಆದರೆ ಉಪ್ಪುನೀರಿನದ್ದು. ಊರಲ್ಲಿ ನನ್ನ ತಮ್ಮ ಇದ್ದಾನಲ್ಲ, ಬಿ.ಎಸ್ಸಿ. ಎರಡನೇ ವರ್ಷ. ಮುಂದೆ ಸಮುದ್ರವಿಜ್ಞಾನವೇ ಓದುವುದು ಅಂತ ಹಟ ಹಿಡಿದು ಕೂತಿದ್ದಾನೆ. ಅಪ್ಪನಿಗೆ ಮಲ್ಪೆಯಲ್ಲಿ ಬೋಟು ಉಂಟು. ಕಡಲಿಗೆ ಹೋಗ್ಲಿಕ್ಕೆ ಡಿಗ್ರಿ ಎಂತಕ್ಕೆ ಅಂತ ಅವರು. ಆ ಗಲಾಟೆ ಬೇರೆ. ಬೆಂಗಳೂರಲ್ಲಿ ಎಲ್ಲ ಸಿಗ್ತದಲ್ಲ, ಒಳ್ಳೆ ಪುಸ್ತಕ ನಾಲ್ಕು ಕಳಿಸು ಅಂದ. ಯಾವ ನಾಲ್ಕು ಅಂತ ನನಗೆಂತ ಗೊತ್ತು ಮಾರಾಯ್ರೆ? ನೀವು ಜಿಯಾಲಜಿ ಪಾಠ ಮಾಡಿದವರು.

— ನಾನು ಮಾಡಿದ್ದು ಕಲ್ಲಿನ ಪಾಠ.

— ಅವನಿಗೆ ಕಲ್ಲು ಬೇಡ, ಕಡಲು ಬೇಕು.

— ಕಲ್ಲು ಬಿಟ್ಟು ಕಡಲು ಓದೋಕಾಗಲ್ಲಮ್ಮ. ಕಡಲು ಬಿಟ್ಟು ಬರೀ ಕಲ್ಲು ಓದಿದ ಕಾಲ ಒಂದಿತ್ತು. ಬೆಟ್ಟ ಯಾಕೆ ಎದ್ದಿತು ಅನ್ನೋ ಸಣ್ಣ ಪ್ರಶ್ನೆಗೂ ಆಗ ನೆಟ್ಟಗೆ ಉತ್ತರ ಇರಲಿಲ್ಲ. ಇರಲಿ. ಅವನು ಓದಿದ್ದು ಕನ್ನಡ ಮೀಡಿಯಮ್ಮಾ?

— ಹತ್ತನೇ ತನಕ. ಈಗ ಇಂಗ್ಲಿಷ್ ಓದ್ತಾನೆ, ನಿಧಾನಕ್ಕೆ.

— ಹಾಗಾದ್ರೆ ಮೊದಲನೇದು ಕಾರಂತರ ಪುಸ್ತಕ.

— ಕಾರಂತರದ್ದಾ? ಕಡಲ ತಡಿಯ ಕಾದಂಬರಿಗಳು ಎಲ್ಲ ಮನೆಯಲ್ಲೇ ಉಂಟು.

— ಕಾದಂಬರಿ ಅಲ್ಲ. 'ನಮ್ಮ ಸುತ್ತಲಿನ ಕಡಲು'. ರೇಚಲ್ ಕಾರ್ಸನ್ 1951ರಲ್ಲಿ ಬರೆದ ಪುಸ್ತಕದ ಅನುವಾದ. ಆಕೆ ಅಮೆರಿಕದ ಸರ್ಕಾರಿ ಮೀನು-ವನ್ಯಜೀವಿ ಇಲಾಖೆಯಲ್ಲಿ ಇದ್ದವಳು. ಅಲೆ, ಉಬ್ಬರ-ಇಳಿತ, ಪ್ರವಾಹ, ತಳದ ಕೆಸರು ಇಂಥದ್ದನ್ನೆಲ್ಲ ಬರೆದ ಪುಸ್ತಕ ಅಲ್ಲಿ 86 ವಾರ ಹೆಚ್ಚು ಮಾರಾಟವಾಗೋ ಪುಸ್ತಕಗಳ ಪಟ್ಟಿಯಲ್ಲಿ ನಿಂತಿತ್ತು. ಕೋಟದಲ್ಲಿ ಹುಟ್ಟಿದ ಕಾರಂತರಿಗೆ ಅದು ಕಣ್ಣಿಗೆ ಬಿದ್ದಿದ್ದರಲ್ಲಿ ಆಶ್ಚರ್ಯ ಇಲ್ಲ. ಮಕ್ಕಳಿಗೆ 'ಬಾಲಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಒಬ್ಬರೇ ಕೂತು ಬರೆದ ಮನುಷ್ಯ. ಹೊಸ ಪ್ರತಿ ಸಿಗದಿದ್ರೆ ಹಳೇ ಪುಸ್ತಕದಂಗಡಿಯಲ್ಲಿ ಹುಡುಕು, ಇಲ್ಲ ಲೈಬ್ರರಿ.

— 1951 ಅಂದ್ರೆ ಎಪ್ಪತ್ತು ವರ್ಷದ ಮೇಲಾಯ್ತು ಅಂಕಲ್. ಈಗಲೂ ಸರಿ ಉಂಟಾ ಅದರಲ್ಲಿ ಬರೆದದ್ದು?

— ಎಲ್ಲ ಇಲ್ಲ. ಚಂದ್ರ ಪೆಸಿಫಿಕ್ ಸಾಗರದ ಜಾಗದಿಂದ ಕಿತ್ತುಹೋದ ತುಂಡು ಅನ್ನೋ ಊಹೆಯನ್ನ ಮೊದಲ ಅಧ್ಯಾಯದಲ್ಲೇ ಬಹಳ ಚೆನ್ನಾಗಿ ಹೇಳ್ತಾಳೆ. ಆಗಿನ ಕಾಲಕ್ಕೆ ಮರ್ಯಾದಸ್ಥ ಊಹೆ. ಅಪೊಲೊದವರು ಚಂದ್ರನ ಕಲ್ಲು ತಂದ ಮೇಲೆ ಲೆಕ್ಕ ಬದಲಾಯ್ತು. ಮಂಗಳ ಗ್ರಹದಷ್ಟು ದೊಡ್ಡದೊಂದು ಎಳೆಯ ಭೂಮಿಗೆ ಗುದ್ದಿ, ಚೆಲ್ಲಿದ್ದೆಲ್ಲ ಒಟ್ಟುಗೂಡಿ ಚಂದ್ರ ಆಯ್ತು ಅಂತ ಈಗ ಬಹುಪಾಲು ಜನ ಒಪ್ಪಿದ್ದಾರೆ.

— ತಪ್ಪಿರುವ ಪುಸ್ತಕವನ್ನೇ ಮೊದಲು ಕಳಿಸು ಅಂತೀರಾ? ಅವನು ಪರೀಕ್ಷೆಯಲ್ಲಿ ಅದನ್ನೇ ಬರೆದು ಬಂದರೆ?

— ಅದಕ್ಕೇ ಒಂದು ಅಭ್ಯಾಸ ಹೇಳಿಕೊಡು. ಈ ವಿಷಯದ ಯಾವ ಪುಸ್ತಕ ತೆಗೆದರೂ ಹೆಸರಿಗಿಂತ ಮೊದಲು ಇಸವಿ ನೋಡಬೇಕು. 1965ಕ್ಕೆ ಹಿಂದಿನದಾ, ಮುಂದಿನದಾ? ಆ ಇಸವಿಯ ಆಸುಪಾಸಿನ ಹತ್ತು ವರ್ಷದಲ್ಲಿ ಇಡೀ ಶಾಸ್ತ್ರ ಮಗುಚಿಕೊಂಡಿತು. ಹಿಂದಿನ ಪುಸ್ತಕದಲ್ಲಿ ಖಂಡಗಳು ಇದ್ದಲ್ಲೇ ಇವೆ, ಮುಂದಿನದರಲ್ಲಿ ಚಲಿಸ್ತಿವೆ. ಕಾರ್ಸನ್ ಪುಸ್ತಕದಲ್ಲಿ ಕಡಲ ತಳಕ್ಕೆ ಎಡೆಬಿಡದೆ ಇಳೀತಾ ಇರೋ ಕೆಸರಿನ ಬಗ್ಗೆ ಒಂದು ಅಧ್ಯಾಯ ಇದೆ. ಅದನ್ನ ಓದುವಾಗ ಆ ತಳದ ವಯಸ್ಸು ಆಕೆಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಅಂತ ನೆನಪಿಟ್ಟುಕೊಂಡರೆ ಓದಿಗೆ ಪತ್ತೇದಾರಿ ಕಥೆಯ ರುಚಿ ಬರುತ್ತೆ. ಬರೀ ಸರಿಯಾದ್ದನ್ನೇ ಓದಿದ ಹುಡುಗನಿಗೆ ಅದು ಸರಿ ಅಂತ ಹೇಗೆ ಗೊತ್ತಾಯ್ತು ಅನ್ನೋದೇ ತಿಳಿಯಲ್ಲ.

— ಮತ್ತೆ ಹೇಗೆ ಗೊತ್ತಾಯ್ತು?

— ನಿಮ್ಮ ಸಮುದ್ರದಿಂದ.

— ತಮಾಷೆ ಮಾಡ್ಬೇಡಿ.

— ಇಲ್ಲಮ್ಮ. ಮಲ್ಪೆಯಿಂದ ಪಶ್ಚಿಮ-ನೈಋತ್ಯಕ್ಕೆ ಹೋಗ್ತಾ ಇದ್ರೆ, ಅರಬ್ಬಿ ಸಮುದ್ರದ ಆಚೆ ಭಾಗದಲ್ಲಿ ನೀರಿನೊಳಗೆ ಒಂದು ಪರ್ವತ ಸಾಲು. ಕಾರ್ಲ್ಸ್‌ಬರ್ಗ್ ಏಣು ಅಂತಾರೆ. ಇಂದಿರಾನಗರದ ಪಬ್‌ಗಳಲ್ಲಿ ಕೊಡ್ತಾರಲ್ಲ, ಅದೇ ಬಿಯರಿನ ಹೆಸರು. ಆ ಕಂಪನಿಯ ಪ್ರತಿಷ್ಠಾನ ದುಡ್ಡು ಕೊಟ್ಟ ಡೆನ್ಮಾರ್ಕಿನ ಹಡಗಿನವರು ಇಟ್ಟದ್ದು. 1962ರಲ್ಲಿ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನದ ಭಾಗವಾಗಿ ಬ್ರಿಟಿಷ್ ಹಡಗೊಂದು ಆ ಏಣಿನ ಮೇಲೆ ಅಯಸ್ಕಾಂತ ಮಾಪಕ ಎಳೆದುಕೊಂಡು ಓಡಾಡಿತು. ತಳದ ಕಲ್ಲಿನ ಕಾಂತತ್ವ ಒಂದು ಪಟ್ಟೆ ಈ ಕಡೆಗೆ, ಮುಂದಿನ ಪಟ್ಟೆ ಆ ಕಡೆಗೆ, ಮತ್ತೆ ಈ ಕಡೆಗೆ. ಕೇಂಬ್ರಿಜ್‌ನ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ಅದಕ್ಕೆ ಅರ್ಥ ಹೇಳಿದರು. ಏಣಿನ ಸೀಳಿನಲ್ಲಿ ಲಾವಾ ಉಕ್ಕಿ ಹೊಸ ತಳ ಹುಟ್ಟುತ್ತೆ, ಹುಟ್ಟುವಾಗ ಭೂಮಿಯ ಕಾಂತೀಯ ಉತ್ತರ ಧ್ರುವ ಯಾವ ಕಡೆ ಇದೆಯೋ ಅದನ್ನ ದಾಖಲಿಸಿಕೊಳ್ಳುತ್ತೆ, ಆಮೇಲೆ ಎರಡೂ ಬದಿಗೆ ಸರಿಯುತ್ತೆ. ಆ ಕಾಂತೀಯ ಧ್ರುವ ಆಗಾಗ ತಿರುವುಮುರುವು ಆಗೋದರಿಂದ ಪಟ್ಟೆ. ಖಂಡ ಚಲಿಸುತ್ತೆ ಅಂತ ವೆಗೆನರ್ 1915ರಲ್ಲೇ ಪುಸ್ತಕ ಬರೆದಿದ್ದ, ನಗಾಡಿದ್ದರು. ನಂಬಿಸಿದ್ದು ಖಂಡ ಅಲ್ಲ, ಕಡಲ ತಳ.

— ಅಂದ್ರೆ ಕಲ್ಲಿನ ಸತ್ಯ ನೀರಿನಡಿಯಲ್ಲಿ ಸಿಕ್ಕಿತು.

— ಅದಕ್ಕೇ ಕಲ್ಲು ಬೇಡ ಅನ್ನಬೇಡ ಅಂದಿದ್ದು. ಈ ವಿಷಯಕ್ಕೆ ಒಂದು ಪುಸ್ತಕ ಆರ್ಥರ್ ಹೋಮ್ಸ್‌ದು, ಭೌತ ಭೂವಿಜ್ಞಾನದ ತತ್ವಗಳ ಬಗ್ಗೆ. 1944ರದ್ದು. ದಪ್ಪ ಪುಸ್ತಕ, ಪೂರ್ತಿ ಓದು ಅನ್ನಲ್ಲ. ಕೊನೇ ಅಧ್ಯಾಯ ಓದಲಿ. ಭೂಮಿಯ ಒಳಗಿನ ಬಿಸಿ ಶಿಲೆ ಬಹಳ ನಿಧಾನಕ್ಕೆ ಸುತ್ತು ಹಾಕಿ ಹರಿಯುತ್ತೆ, ಅದೇ ಖಂಡಗಳನ್ನ ಹೊತ್ತು ಸಾಗಿಸಬಹುದು ಅಂತ, ಯಾರೂ ಒಪ್ಪದ ಕಾಲದಲ್ಲಿ ಆತ ಪಠ್ಯಪುಸ್ತಕದಲ್ಲೇ ಬರೆದ. ಪಠ್ಯಪುಸ್ತಕದ ಕೊನೇ ಅಧ್ಯಾಯದಲ್ಲಿ ಅಷ್ಟು ಧೈರ್ಯ ನಾನು ಬೇರೆಲ್ಲೂ ನೋಡಿಲ್ಲ. ಅದು ನಿಜ ಅಂತ ಲೋಕ ಒಪ್ಪಿಕೊಳ್ಳೋ ಹೊತ್ತಿಗೆ, 1965ರಲ್ಲಿ, ತೀರಿಕೊಂಡ.

— ಅಯ್ಯೋ.

— ನಿನಗೂ ಒಂದು ಪುಸ್ತಕ ಇದೆ. ನೀನು ಆಫೀಸಲ್ಲಿ ಮಾಡೋದೇನು, ಅಂಕಿಸಂಖ್ಯೆ ಇಟ್ಟುಕೊಂಡು ಚಾರ್ಟ್ ಬಿಡಿಸೋದು ತಾನೆ?

— ಹೆಚ್ಚು ಕಮ್ಮಿ ಅದೇ. ಬಿಡಿಸಿದ್ದನ್ನು ಮೀಟಿಂಗಿನಲ್ಲಿ ಇನ್ಯಾರೋ ತೋರಿಸ್ತಾರೆ.

— ಮರೀ ಥಾರ್ಪ್‌ದೂ ಅದೇ ಕಥೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆಕೆಗೆ ಕೆಲಸ. ಹೆಂಗಸರನ್ನ ಸಂಶೋಧನಾ ಹಡಗಿಗೆ ಹತ್ತಿಸ್ತಾ ಇರಲಿಲ್ಲ. ಗಂಡಸರು ಹಡಗಿನಿಂದ ತಂದ ಆಳದ ಅಳತೆಗಳನ್ನ ಕಾಗದದ ಮೇಲೆ ಒಂದೊಂದೇ ಗುರುತು ಹಾಕ್ತಾ ಹೋದಳು. ಅಟ್ಲಾಂಟಿಕ್ ನಡುವಿನ ಪರ್ವತಸಾಲಿನ ನೆತ್ತಿ ಮೇಲೆ ಉದ್ದಕ್ಕೂ ಒಂದು ಸೀಳು ಕಂಡಿತು. ಜೊತೆಗಾರ ಬ್ರೂಸ್ ಹೀಜೆನ್ ಮೊದಲು ಇದು ಹುಡುಗಿಯರ ಹರಟೆ ಅಂತ ತಳ್ಳಿಹಾಕಿದ. ಆಮೇಲೆ ಭೂಕಂಪ ಆದ ಜಾಗಗಳ ನಕ್ಷೆ ಪಕ್ಕಕ್ಕಿಟ್ಟು ನೋಡಿದರೆ, ಎಲ್ಲ ಆ ಸೀಳಿನಲ್ಲೇ! 1967ರಲ್ಲಿ ಅವರಿಬ್ಬರ ಹಿಂದೂ ಮಹಾಸಾಗರ ತಳದ ನಕ್ಷೆ ನ್ಯಾಷನಲ್ ಜಿಯಾಗ್ರಫಿಕ್ ಜೊತೆ ಬಂತು. ಆಕೆಯ ಜೀವನ ಕಥೆ 'ಸೌಂಡಿಂಗ್ಸ್' ಅಂತ, ಹಾಲಿ ಫೆಲ್ಟ್ ಬರೆದದ್ದು. ತಮ್ಮನಿಗೆ ಕಳಿಸೋ ಮೊದಲು ನೀನು ಓದು.

— ಅದು ನನಗೇ ಇರಲಿ, ಕಳಿಸುವುದಿಲ್ಲ. ಆದರೆ ಅಂಕಲ್, ಇದೆಲ್ಲ ಹೊರಗಿನವರದ್ದಾಯ್ತು. ನಮ್ಮ ಕಲ್ಲಿನದ್ದು ಎಂತ ಉಂಟು?

— ಈಗ ಬಂದೆ ದಾರಿಗೆ. ಇಲ್ಲಿ ಚೊಕ್ಕನಾಥಸ್ವಾಮಿ ದೇವಸ್ಥಾನಕ್ಕೆ ಹೋಗಿದ್ದೀಯಲ್ಲ? ಗೋಡೆ ಮೇಲೆ ತಮಿಳು ಶಾಸನಗಳಿವೆ, ಹೊಯ್ಸಳರ ಕಾಲದ್ದು. ದೊಮ್ಮಲೂರು ಏಳೆಂಟು ನೂರು ವರ್ಷದ ಊರು ಅಂತ ನಾವು ಹೆಮ್ಮೆಯಿಂದ ಹೇಳ್ಕೋತೀವಿ. ಕಾಲ ಕೆಳಗಿನ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಪೆನಿನ್ಸುಲಾರ್ ನೈಸ್ ಅಂತ ಹೆಸರು, ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಇಟ್ಟದ್ದು. ಬೋರ್‌ವೆಲ್ ಲಾರಿ ಬಂದಾಗ ಇಡೀ ರಸ್ತೆಗೆ ಬೂದಿ ಹಾರುತ್ತಲ್ಲ, ನೀನು ಮೂಗು ಮುಚ್ಚಿಕೊಂಡು ಓಡಿದ್ದೆ, ಅದೇ ಕಲ್ಲು. ಲಾಲ್‌ಬಾಗ್ ಬಂಡೆಯಲ್ಲಿ ಮೈಬಿಟ್ಟುಕೊಂಡು ಕಾಣುತ್ತೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ತಮ್ಮ ಬಂದಾಗ ಮೆಟ್ರೊದಲ್ಲಿ ಕರ್ಕೊಂಡು ಹೋಗು. ಈಗ ಹೇಳು, ಕಡಲು ಹಳೇದಾ, ದೊಮ್ಮಲೂರು ಹಳೇದಾ?

— ಕಡಲು. ಮೊದಲು ನೀರು, ಆಮೇಲೆ ನೆಲ ಅಂತಲ್ವಾ ಎಲ್ಲ ಕಥೆಯಲ್ಲೂ.

— ನೀರು ಹಳೇದೇ. ಆದರೆ ನೀರು ಕೂತಿರೋ ಪಾತ್ರೆ ಹೊಸದು. ಏಣಿನಲ್ಲಿ ಹುಟ್ಟಿದ ತಳ ಸರಿದು ಸರಿದು ಕೊನೆಗೆ ಕಂದಕಗಳಲ್ಲಿ ಮತ್ತೆ ಒಳಗೆ ಮುಳುಗಿಹೋಗುತ್ತೆ. ಹಾಗಾಗಿ ಇವತ್ತಿನ ಮಹಾಸಾಗರಗಳಲ್ಲಿ 20 ಕೋಟಿ ವರ್ಷಕ್ಕಿಂತ ಹಳೇ ತಳ ಹೆಚ್ಚುಕಡಿಮೆ ಸಿಗೋದೇ ಇಲ್ಲ. ನಮ್ಮ ಕಲ್ಲು ಅದರ ಹದಿನೈದು ಪಟ್ಟು.

— ಹಾಗಾದ್ರೆ ನಮ್ಮ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು? ಶಾಲೆಯಿಂದ ಪ್ರತಿ ಸಲ ಅಲ್ಲಿಗೇ ಕರ್ಕೊಂಡು ಹೋಗುವುದು. ಅದೂ ಸ್ಮಾರಕ ಅಂತ ಬೋರ್ಡು ಉಂಟು.

— ಅದು ಸುಮಾರು 8.8 ಕೋಟಿ ವರ್ಷದ್ದು. ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿತ್ತು. ಅದು ಬಿಟ್ಟುಹೋಗುವಾಗ ಉಕ್ಕಿದ ಲಾವಾ ತಣ್ಣಗಾಗಿ ಕುಗ್ಗಿ, ಕಂಬ ಕಂಬವಾಗಿ ಬಿರಿದು ನಿಂತಿದೆ. ನಿಮ್ಮ ಪಶ್ಚಿಮ ಕರಾವಳಿ ಅನ್ನೋದು ತಯಾರಾಗಿದ್ದೇ ಆ ಬೇರ್ಪಡುವಿಕೆಯಲ್ಲಿ. ನಿಮ್ಮಪ್ಪನ ಬೋಟು ದಿನಾ ಆ ಕಲ್ಲಿನ ಪಕ್ಕದಲ್ಲೇ ಹೋಗುತ್ತೆ. ಇದಕ್ಕೆಲ್ಲ ಪುಸ್ತಕ ಅಂದ್ರೆ ಬಿ.ಪಿ. ರಾಧಾಕೃಷ್ಣ ಮತ್ತು ವೈದ್ಯನಾಥನ್ ಬರೆದ 'ಜಿಯಾಲಜಿ ಆಫ್ ಕರ್ನಾಟಕ', 1994ರದ್ದು. ಹೊರತಂದಿದ್ದು ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ, ಇದೇ ಬೆಂಗಳೂರಲ್ಲಿ, ಗವಿಪುರದಲ್ಲಿದೆ. 1958ರಲ್ಲಿ ಆ ಸೊಸೈಟಿ ಕಟ್ಟಿದವರಲ್ಲಿ ರಾಧಾಕೃಷ್ಣ ಅವರೇ ಮುಂದಾಳು, ದಶಕಗಳ ಕಾಲ ಅದರ ಪತ್ರಿಕೆ ನಡೆಸಿದರು. ಆದರೆ ಇದು ಕೂತು ಓದೋ ಪುಸ್ತಕ ಅಲ್ಲ, ತೆಗೆದು ನೋಡೋ ಪುಸ್ತಕ. ಅವನ ಕಾಲೇಜಿನ ಲೈಬ್ರರಿಗೆ ತರಿಸಲಿ, ನೀನು ದುಡ್ಡು ಹಾಕಬೇಡ.

— ವಾಡಿಯಾ ಅಂತ ಒಬ್ಬರ ಹೆಸರು ಅವನು ಹೇಳ್ತಿದ್ದ.

— ಡಿ.ಎನ್. ವಾಡಿಯಾ, 'ಜಿಯಾಲಜಿ ಆಫ್ ಇಂಡಿಯಾ', 1919. ನಮ್ಮ ತಲೆಮಾರು ಅದನ್ನೇ ಉರುಹೊಡೆದದ್ದು. ಗೌರವ ಇದೆ, ಈಗ ಬೇಡ. ಇಸವಿ ನೋಡು ಅಂದೆನಲ್ಲ. ಅದರ ಬದಲು ಪ್ರಣಯ್ ಲಾಲ್ ಬರೆದ 'ಇಂಡಿಕಾ', 2016ರದ್ದು. ಉಪಖಂಡದ ಕಲ್ಲು, ಕಡಲು, ಪ್ರಾಣಿ ಎಲ್ಲದರ ಕಥೆ, ಬಣ್ಣದ ಚಿತ್ರಗಳು. ಬರೆದವರು ಜೀವರಸಾಯನ ಓದಿದವರು, ನಮ್ಮ ಜಾತಿಯವರಲ್ಲ, ಅಂದ್ರೆ ಜಿಯಾಲಜಿಯವರಲ್ಲ. ಅದಕ್ಕೇ ಓದಿಸಿಕೊಂಡು ಹೋಗುತ್ತೆ ಅಂತ ನನ್ನ ಗುಮಾನಿ.

— ಲೆಕ್ಕ ಹಾಕಿದರೆ ಕಡಲಿನ ಪುಸ್ತಕ ಇನ್ನೂ ಒಂದೇ ಆಯ್ತು ಅಂಕಲ್. ಉಳಿದದ್ದೆಲ್ಲ ತಳದ್ದು. ನೀರಿನದ್ದು ಎಲ್ಲಿ?

— ಆ ದೂರು ಸರಿ. ನೀರಿನ ಪುಸ್ತಕ ಆರಿಸೋಕೆ ನಿನ್ನ ಸಹಾಯ ಬೇಕು. ಮಳೆಗಾಲದಲ್ಲಿ ನಿಮ್ಮ ಕಡಲು ಹೇಗಿರುತ್ತೆ?

— ಜೂನ್, ಜುಲೈ ಬೋಟು ಬಂದ್, 61 ದಿನ ನಿಷೇಧ. ನಾಡದೋಣಿಯವರು ಮಾತ್ರ ಹೋಗ್ತಾರೆ. ಆಗಸ್ಟಿನಲ್ಲಿ ಬೋಟು ಇಳಿಸಿದಾಗ ನೀರು ತಣ್ಣಗಿರ್ತದೆ, ಬಣ್ಣ ಬೇರೆ, ಹಸಿರು ಹಸಿರು. ಬೂತಾಯಿ, ಬಂಗುಡೆ ಆಗ ಬರ್ತದೆ. ಕೆಲವು ವರ್ಷ ಬೂತಾಯಿ ಪತ್ತೆಯೇ ಇರುವುದಿಲ್ಲ.

— ಹೊರಗೆ ಸೆಕೆ ಇದ್ರೂ ನೀರು ಯಾಕೆ ತಣ್ಣಗೆ?

— ಮಳೆನೀರು ಸೇರಿ ಅಂತ ಅಜ್ಜ ಹೇಳ್ತಿದ್ದರು. ಅಪ್ಪ ಅಡಿಯ ನೀರು ಮೇಲೆ ಬಂದದ್ದು ಅಂತಾರೆ.

— ಅಪ್ಪನದೇ ಸರಿ. ಮುಂಗಾರಿನಲ್ಲಿ ಕರಾವಳಿಗುಂಟ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಜಾರುತ್ತೆ. ಭೂಮಿ ತಿರುಗೋದರಿಂದ ನಮ್ಮ ಅರ್ಧಗೋಳದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ ತಿರುಗುತ್ತೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲಗೈ ಯಾವ ಕಡೆ?

— ಪಶ್ಚಿಮ. ಕಡಲಿನ ಕಡೆ.

— ಮೇಲಿನ ನೀರು ದಡ ಬಿಟ್ಟು ಆಚೆ ಹೋಯ್ತು. ಖಾಲಿ ಆದ ಜಾಗಕ್ಕೆ ಕೆಳಗಿನ ತಣ್ಣೀರು ಎದ್ದು ಬರಬೇಕು. ಅದರಲ್ಲಿ ಗೊಬ್ಬರದಂಥ ಲವಣಗಳು. ಪಾಚಿ ಹುಲುಸಾಗುತ್ತೆ, ಅದಕ್ಕೇ ಹಸಿರು. ಪಾಚಿ ಮೇಯೋಕೆ ಬೂತಾಯಿ ಬರುತ್ತೆ. ಆ ಆಳದ ನೀರಲ್ಲಿ ಆಮ್ಲಜನಕ ಕಮ್ಮಿ, ತೀರಾ ಕಮ್ಮಿಯಾದ್ರೆ ಮೀನಿಗೂ ಉಸಿರುಕಟ್ಟು. ನೀರು ಗಾಳಿಯ ಬಲಕ್ಕೆ ಹೋಗುತ್ತೆ ಅಂತ ಮೊದಲು ಕಂಡದ್ದು ನಾರ್ವೆಯ ನಾನ್ಸೆನ್, ಉತ್ತರ ಧ್ರುವದ ಹತ್ತಿರ ಮಂಜುಗಡ್ಡೆ ಗಾಳಿ ಬೀಸಿದ ದಿಕ್ಕಿಗೆ ಹೋಗದೆ ಓರೆಯಾಗಿ ಬಲಕ್ಕೆ ತೇಲ್ತಾ ಇತ್ತು. 1905ರಲ್ಲಿ ಎಕ್‌ಮನ್ ಅದಕ್ಕೆ ಗಣಿತ ಕೊಟ್ಟ. ಧ್ರುವದ ಮಂಜಿನಲ್ಲಿ ಕಂಡ ನಿಯಮ ಮಲ್ಪೆಯ ಬೂತಾಯಿಗೆ ಬಂತು.

— ಇದನ್ನು ಅಪ್ಪನಿಗೆ ಹೇಳಿದರೆ ಡಿಗ್ರಿಯ ಗಲಾಟೆ ಅರ್ಧ ಮುಗೀತದೆ.

— ಆ ಗಣಿತ ಇರೋ ಪುಸ್ತಕ ರಾಬರ್ಟ್ ಸ್ಟೀವರ್ಟ್ ಬರೆದ 'ಇಂಟ್ರೊಡಕ್ಷನ್ ಟು ಫಿಸಿಕಲ್ ಓಶನೋಗ್ರಫಿ'. ಟೆಕ್ಸಾಸ್‌ನ ಪ್ರೊಫೆಸರ್, ಇಡೀ ಪುಸ್ತಕವನ್ನ ಪುಕ್ಕಟೆ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಎರಡನೇ ವರ್ಷದ ಕ್ಯಾಲ್ಕುಲಸ್ ಗೊತ್ತಿದ್ರೆ ಸಾಕು. ಗ್ಯಾರಿಸನ್ ಅನ್ನೋರ ಬಣ್ಣಬಣ್ಣದ ಪಠ್ಯಪುಸ್ತಕವೂ ಚೆನ್ನಾಗಿದೆ, ಆದರೆ ಸಾವಿರಗಟ್ಟಲೆ ಬೆಲೆ, ತೂಕವೂ ಹಾಗೇ. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿ ಪುಸ್ತಕಮಾಲೆಯಲ್ಲಿ ಅಲೆ ಮತ್ತು ಉಬ್ಬರ-ಇಳಿತದ್ದು ಒಂದು, ಪ್ರವಾಹದ್ದು ಒಂದು, ಎರಡೂ ತೆಳ್ಳಗೆ, ಮೇಷ್ಟ್ರಿಲ್ಲದೆ ಓದೋರಿಗೆ ಅಂತಲೇ ಮಾಡಿದ್ದು. ಹಳೇ ಪ್ರತಿ ಸಿಕ್ಕರೆ ಬಿಡಬೇಡ.

— ಉಬ್ಬರ-ಇಳಿತಕ್ಕೆ ಪುಸ್ತಕ ಎಂತಕ್ಕೆ? ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆಗೆ ಜೋರು, ಅಷ್ಟಮಿ ಆಸುಪಾಸು ಸಪ್ಪೆ. ದಿನಕ್ಕೆ ಮುಕ್ಕಾಲು ಗಂಟೆ ಮುಂದೆ ಹೋಗ್ತದೆ.

— ಐವತ್ತು ನಿಮಿಷ. ಪಂಚಾಂಗ ಯಾವಾಗ ಅಂತ ಹೇಳುತ್ತೆ, ಎಷ್ಟು ಅಂತ ಹೇಳಲ್ಲ. ದಿನದ ಎರಡು ಉಬ್ಬರ ಯಾಕೆ ಒಂದೇ ಎತ್ತರ ಇರಲ್ಲ ಅಂತಲೂ ಹೇಳಲ್ಲ. ಸರ್ವೆ ಆಫ್ ಇಂಡಿಯಾದವರು ವರ್ಷವರ್ಷ ಉಬ್ಬರದ ಕೋಷ್ಟಕ ಪ್ರಕಟಿಸ್ತಾರೆ. ಪಂಚಾಂಗ ಒಂದು ಕೈಯಲ್ಲಿ, ಅದು ಇನ್ನೊಂದು ಕೈಯಲ್ಲಿ ಹಿಡಿದು ಧಕ್ಕೆಯಲ್ಲಿ ನಿಂತ್ಕೊಳ್ಳಲಿ. ಅದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ಇಲ್ಲ.

— ಈಗ ಅಪ್ಪನವರು ಮೊಬೈಲೇ ನೋಡುವುದು. ಮೀನು ಎಲ್ಲಿ ಸಿಗಬಹುದು ಅಂತ ಹೈದರಾಬಾದಿನಿಂದ ಕನ್ನಡದಲ್ಲೇ ಬರ್ತದೆ.

— ಅದನ್ನ ಅಲ್ಲಿಯ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕಳಿಸೋದು. ಮೇಲ್ಮೈ ನೀರಿನ ಬಿಸಿ, ಪಾಚಿಯ ಹಸಿರು ಎರಡನ್ನೂ ಉಪಗ್ರಹದಿಂದ ನೋಡಿ ಲೆಕ್ಕ ಹಾಕ್ತಾರೆ. ಆ ಹಸಿರು ಅಳೆಯೋಕೆ ಅಂತ ನಮ್ಮವರು ಕಳಿಸಿದ ಓಶನ್‌ಸ್ಯಾಟ್, 1999ರ ಮೇ 26ರಂದು ಶ್ರೀಹರಿಕೋಟಾದಿಂದ ಹೋದದ್ದು, ಜೋಡಿಸಿದ್ದು ಎಲ್ಲಿ ಗೊತ್ತಾ? ಇದೇ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ, ವಿಮಾನಪುರದ ಇಸ್ರೋ ಉಪಗ್ರಹ ಕೇಂದ್ರದಲ್ಲಿ. ದೊಮ್ಮಲೂರು ಫ್ಲೈಓವರ್ ಇಳಿದು ಪೂರ್ವಕ್ಕೆ ಹೋದರೆ ಸಿಗುತ್ತೆ. ಕ್ಯಾಮರಾ ಮಾತ್ರ ಅಹಮದಾಬಾದಿನದು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಯಾವ ಕಡಲಿಗೂ ಹತ್ತಿರ ಇಲ್ಲದ ಕಡೆ ಕೂತು ನಿಮ್ಮಪ್ಪನ ಮೀನು ಹುಡುಕ್ತಾರೆ.

— ನಾವೇ ಹುಡುಕುವುದು, ಇವರು ಜಾಗ ತೋರಿಸ್ತಾರೆ ಅಷ್ಟೇ. ಇಲ್ಲಿಗೂ ಕಡಲಿಗೂ ಬೇರೆ ಸಂಬಂಧ ಉಂಟಾ ಅಂಕಲ್? ಬರೀ ಉಪಗ್ರಹವಾ?

— ನೀನು ಪಾತ್ರೆ ತೊಳೆದ ನೀರು ಕಡಲಿಗೇ ಹೋಗುತ್ತೆ, ಆದರೆ ಮಲ್ಪೆಗಲ್ಲ. ಇಲ್ಲಿಂದ ರಾಜಕಾಲುವೆ, ಚಲ್ಲಘಟ್ಟ ಕಣಿವೆ, ಬೆಳ್ಳಂದೂರು, ವರ್ತೂರು, ದಕ್ಷಿಣ ಪಿನಾಕಿನಿ, ಕೊನೆಗೆ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ. ನಡುವೆ ಒಂದಷ್ಟು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಾರೆ. ಗಂಗೆ-ಬ್ರಹ್ಮಪುತ್ರದಿಂದ ಹಿಡಿದು ಎಷ್ಟೋ ನದಿ ಆ ಕೊಲ್ಲಿಗೇ ಸುರಿಯೋದರಿಂದ ಅದರ ಮೇಲ್ಪದರದಲ್ಲಿ ಉಪ್ಪು ಕಮ್ಮಿ. ಆ ಹಗುರ ನೀರು ಕೆಳಗಿನ ತಣ್ಣೀರಿನ ಜೊತೆ ಸುಲಭಕ್ಕೆ ಬೆರೆಯಲ್ಲ, ಬಿಸಿಯಾಗೇ ಇರುತ್ತೆ, ಚಂಡಮಾರುತಕ್ಕೆ ಅನುಕೂಲ. ನಿಮ್ಮ ಅರಬ್ಬಿ ಸಮುದ್ರ ಹೆಚ್ಚು ಉಪ್ಪು. ಇದನ್ನೆಲ್ಲ ಹಡಗು ತಗೊಂಡು ಹೋಗಿ ಅಳೀತಿರೋರಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದಾರೆ, ಅಲ್ಲಿ ವಾಯುಮಂಡಲ-ಸಾಗರ ವಿಜ್ಞಾನಕ್ಕೇ ಒಂದು ಕೇಂದ್ರ ಇದೆ. ಮುಂಗಾರು ಅಂದ್ರೆ ಕಡಲಿನ ವಿಷಯ ಅಂತ ಒತ್ತಿ ಹೇಳಿದ ಸುಲೋಚನಾ ಗಾಡ್ಗೀಳ್ ಅಲ್ಲೇ ಇದ್ದವರು. ತಮ್ಮನಿಗೆ ಆ ಹೆಸರು ಗೊತ್ತಿರಲಿ.

— ಇಷ್ಟೆಲ್ಲ ಇಲ್ಲೇ ನಡೀತದೆ, ಕನ್ನಡದಲ್ಲಿ ಒಂದು ಸಮುದ್ರವಿಜ್ಞಾನದ ಪುಸ್ತಕ ಅಂತ ಕೇಳಿದರೆ ನೀವು ಕಾರಂತರ ಅನುವಾದಕ್ಕೇ ಹೋಗ್ತೀರಿ.

— ತೇಜಸ್ವಿಯವರ 'ಪೆಸಿಫಿಕ್ ದ್ವೀಪಗಳು' ಇದೆ, ಓದೋಕೆ ಖುಷಿ. ಟಿ.ಆರ್. ಅನಂತರಾಮು ಜಿಯಾಲಜಿಕಲ್ ಸರ್ವೆಯಲ್ಲಿದ್ದು ಭೂವಿಜ್ಞಾನದ ಮೇಲೆ ಕನ್ನಡದಲ್ಲಿ ಬಹಳ ಬರೆದಿದ್ದಾರೆ; ನಾಗೇಶ ಹೆಗಡೆಯವರ 'ಇರುವುದೊಂದೇ ಭೂಮಿ' ಇದೆ. ಆದರೆ ಎಕ್‌ಮನ್ನನನ್ನ ಬೂತಾಯಿ ಜೊತೆ ಇಟ್ಟು ಬರೆದ ಪುಸ್ತಕ ನನ್ನ ಕಪಾಟಿನಲ್ಲಂತೂ ಇಲ್ಲ. ಅಷ್ಟುದ್ದ ಕರಾವಳಿ ಇಟ್ಕೊಂಡು ಇದು ನಾಚಿಕೆಯ ವಿಷಯ, ನಾನು ಮೇಷ್ಟ್ರ ಪೈಕಿಯವನಾಗಿ ಹೇಳ್ತೀನಿ.

— ಸರಿ, ಈಗ ಪಟ್ಟಿ ನಾನು ಮಾಡ್ತೇನೆ, ನೀವು ಬೈಬೇಡಿ. ಹನ್ನೊಂದನೇ ಕ್ಲಾಸಿನ ಎನ್‌ಸಿಇಆರ್‌ಟಿ ಭೌತ ಭೂಗೋಳ ಮೊದಲು. ಪುಕ್ಕಟೆ, ಇಂಗ್ಲಿಷ್ ಸುಲಭ, ಕಡಲಿನದ್ದೇ ಎರಡು ಅಧ್ಯಾಯ ಉಂಟು, ನಾನೇ ಓದಿದ್ದೆ. ಅದಾದ ಮೇಲೆ ಕಾರಂತರು. ಮತ್ತೆ 'ಇಂಡಿಕಾ', ಸ್ಟೀವರ್ಟ್. ಹೋಮ್ಸ್ ಆಮೇಲೆ.

— ಹೋಮ್ಸ್ ಆಮೇಲೆನಾ? ಕೊನೇ ಅಧ್ಯಾಯ ಒಂದೇ ಅಂದೆನಲ್ಲ.

— ಅವನ ಕಾಲೇಜು ಲೈಬ್ರರಿಯಲ್ಲಿ ಹಳೇ ಪ್ರತಿ ಇದ್ದೇ ಇರ್ತದೆ ಅಂಕಲ್. ಯಾರೂ ಮುಟ್ಟಿರುವುದಿಲ್ಲ. ನನ್ನ ಕೈಯಿಂದ ಖರ್ಚಾಗುವುದು 'ಇಂಡಿಕಾ'ಕ್ಕೆ, ಮತ್ತೆ ಸ್ಟೀವರ್ಟ್ ಪ್ರಿಂಟ್ ಹಾಕಿಸ್ಲಿಕ್ಕೆ. ಅವನು ಸ್ಕ್ರೀನಿನಲ್ಲಿ ಗಣಿತ ಓದುವುದಿಲ್ಲ.

— ಮುನ್ನೂರು ಪುಟದ ಮೇಲಿದೆ. ಎರಡೂ ಬದಿ ಹಾಕಿಸು, ಸ್ಪೈರಲ್ ಬೈಂಡಿಂಗ್ ಎರಡು ಭಾಗ ಮಾಡಿಸು. ಒಂದೇ ಭಾಗ ಮಾಡಿಸಿದ್ರೆ ಬಿಚ್ಚಿಹೋಗುತ್ತೆ. ಎಕ್‌ಮನ್ ಒಂಬತ್ತನೇ ಅಧ್ಯಾಯದಲ್ಲಿ ಬರ್ತಾನೆ. ಆ ಪುಟಕ್ಕೊಂದು ಚೀಟಿ ಇಟ್ಟು ಕಳಿಸು.